ಬೋಂಡನನ್ನು ಕಳಿಸಿಕೊಟ್ಟವರಿಗೆ 5ರಲ್ಲಿ 4 ಸ್ಟಾರ್

ಬೋಂಡ ಹೋಗಿದ್ದು ರಾತ್ರಿ ಒಂದೂವರೆಗೆ. 13 ವರ್ಷದ ನಾಟಿ ನಾಯಿ, 16 ಕಿಲೋ. ಬೋಂಡದ ಗಾಡಿ ಪಕ್ಕ ಸಿಕ್ಕಿದ್ದಕ್ಕೆ ಆ ಹೆಸರು. ಕಿಡ್ನಿ ಕೈಕೊಟ್ಟಿತ್ತು, ಕ್ರಿಯಾಟಿನಿನ್ 9 ದಾಟಿತ್ತು. ಗೊತ್ತಿದ್ದ ಸಾವೇ. ಆದರೂ ಆಮೇಲೆ ಏನು ಮಾಡಬೇಕು ಅಂತ ನಾವು ಗಂಡ ಹೆಂಡತಿ ಒಂದು ಮಾತೂ ಆಡಿರಲಿಲ್ಲ. ವಿಜಯನಗರದಲ್ಲಿ ಮೂರನೇ ಮಹಡಿ ಮನೆ. ಹೂಳೋಣ ಅಂದರೆ ತುಳಸಿ ಕುಂಡದ ಮಣ್ಣು ಬಿಟ್ಟು ನಮಗೆ ಬೇರೆ ಮಣ್ಣಿಲ್ಲ.

ಡಾಕ್ಟರು ಬರೆದುಕೊಟ್ಟಿದ್ದ ಈ ಪ್ರಾಣಿ ಚಿತಾಗಾರದ ನಂಬರಿಗೆ ಆ ಹೊತ್ತಿನಲ್ಲೇ ಫೋನ್ ಮಾಡಿದೆ. ಎತ್ತಿದರು. ಅದಕ್ಕೇ ಒಂದು ಸ್ಟಾರ್. ಗಾಡಿ ಬೆಳಿಗ್ಗೆ ಏಳಕ್ಕೆ ಬರುತ್ತದೆ ಅಂದವರು ಫೋನ್ ಇಡಲಿಲ್ಲ, ಅಲ್ಲಿಯವರೆಗೆ ಏನು ಮಾಡಬೇಕು ಅಂತ ನಿಧಾನಕ್ಕೆ ಹೇಳಿದರು. ಎರಡು ಮೂರು ಗಂಟೆಯಲ್ಲಿ ಮೈ ಸೆಟೆದುಕೊಳ್ಳುತ್ತದೆ, ಅದಕ್ಕೆ ಮುಂಚೆ ಮಲಗಿದ ಹಾಗೆ ಕಾಲು ಮಡಿಸಿಡಿ. ಅಡಿಗೆ ದಪ್ಪಗೆ ಪೇಪರ್ ಹಾಕಿ, ಮೂತ್ರ ಸೋರಬಹುದು. ಹೊಟ್ಟೆ ಪಕ್ಕ ಐಸ್ ಕಟ್ಟಿದ ನೀರಿನ ಬಾಟಲಿ ಇಡಿ. ಕಣ್ಣು ತೆರೆದೇ ಇರಬಹುದು, ಗಾಬರಿ ಬೇಡ. ಯಾರಿಗಾದರೂ ಬೇಕಾಗಬಹುದು ಅಂತ ಇಲ್ಲಿ ಬರೆದಿದ್ದೇನೆ. ಕಾಲು ಮಡಿಸುವಾಗ ನೋಡಿದೆ, ಅಂಗಾಲಿಗೆ ಇನ್ನೂ ಕಡಲೆಪುರಿ ವಾಸನೆ ಇತ್ತು.

ಏಳಕ್ಕೆ ಹತ್ತು ನಿಮಿಷ ಇದ್ದಾಗಲೇ ಡ್ರೈವರ್ ಬಂದರು. ಚಪ್ಪಲಿ ಹೊರಗೆ ಬಿಟ್ಟು, "ಹೆಸರೇನಮ್ಮಾ?" ಅಂದರು. ಹೇಳಿದೆ. ಎಲ್ಲರೂ ನಗುವ ಹೆಸರು, ಅವರು ನಗಲಿಲ್ಲ. "ಬೋಂಡನ್ನ ನಾನು ಎತ್ಕೊಳ್ಲಾ, ನೀವೇ ಎತ್ಕೋತೀರಾ?" ಅಂತ ಕೇಳಿದರು. ಕೊನೆಯವರೆಗೂ ಅವರ ಬಾಯಲ್ಲಿ 'ಬಾಡಿ' ಅನ್ನುವ ಮಾತು ಬರಲಿಲ್ಲ.

ದಹನ ಎರಡು ಥರ ಇದೆ. ಹಲವು ಪ್ರಾಣಿಗಳನ್ನು ಒಟ್ಟಿಗೆ ಮಾಡುವುದು ಒಂದು, ಅದರಲ್ಲಿ ಬೂದಿ ವಾಪಸ್ ಸಿಗುವುದಿಲ್ಲ. ಒಂದೇ ಪ್ರಾಣಿಯನ್ನು ಮಾಡುವುದು ಇನ್ನೊಂದು. ಇದನ್ನು ಫೋನಿನಲ್ಲೇ ಕೇಳಿಕೊಳ್ಳಿ, ಅಲ್ಲಿ ನಿಂತು ಯೋಚನೆ ಮಾಡುವ ಸ್ಥಿತಿ ಇರುವುದಿಲ್ಲ. ನಮಗೆ ಎರಡನೆಯದು, ಗಾಡಿ ಸೇರಿ 5,500 ಆಯಿತು. ಬಾಗಿಲು ಮುಚ್ಚುವವರೆಗೆ ಪಕ್ಕದಲ್ಲೇ ನಿಲ್ಲಲು ಬಿಟ್ಟರು. ಒಂದೂವರೆ ಗಂಟೆ ಹಿಡಿಯಿತು. ಕೂರಲು ಬೆಂಚಿದೆ, ಟಾಯ್ಲೆಟ್ ಸುಮಾರು, ಕಾಫಿ ಬೇಕಂದರೆ ಮೇನ್ ರೋಡಿಗೇ ನಡೆಯಬೇಕು.

ಫಾರಂ ತುಂಬಿಸಿದ್ದು ನಮ್ಮ ಯಜಮಾನರು. 13 ವರ್ಷ "ನಿನ್ನ ನಾಯಿ ನೋಡು, ನಿನ್ನ ನಾಯಿ ನೋಡು" ಅಂತ ದೂರಿದ ಮನುಷ್ಯ. 'ಮಾಲೀಕರು' ಅನ್ನುವ ಕಡೆ ತಮ್ಮ ಹೆಸರೇ ಬರೆದಿದ್ದರು. ನಾನು ಏನೂ ಅನ್ನಲಿಲ್ಲ.

ಇನ್ನು ಕಳೆದ ಒಂದು ಸ್ಟಾರ್ ಬಗ್ಗೆ. ಕಾಲಿನ ಅಚ್ಚಿನ ಫ್ರೇಮ್, ಕೂದಲು ಹಾಕಿದ ಕೀಚೈನ್ ಅಂತ ದರಪಟ್ಟಿ ಹಿಡಿದು ಒಬ್ಬ ಹುಡುಗ ಬೆಂಚಿನ ಹತ್ತಿರ ಎರಡು ಸಲ ಬಂದ. ಆ ಹೊತ್ತಿನಲ್ಲಿ ಬೇಡ ಅನ್ನುವುದಕ್ಕೂ ಶಕ್ತಿ ಬೇಕು ಕಣಪ್ಪಾ. ಮೂರನೇ ದಿನ ವಾಟ್ಸಾಪ್ ಬಂತು: "ಮುಂದಿನ ಸೇವೆಗೆ 10% ರಿಯಾಯಿತಿ." ಮುಂದಿನ ಸೇವೆ! ಯಜಮಾನರಿಗೆ ಓದಿ ಹೇಳಿದೆ. ಇಬ್ಬರೂ ನಕ್ಕೆವು, ಬೋಂಡ ಹೋದ ಮೇಲೆ ಅದೇ ಮೊದಲ ನಗು. ಆದರೂ ಆ ಮೆಸೇಜ್ ದಯವಿಟ್ಟು ನಿಲ್ಲಿಸಿ.

ಪಕ್ಕದ ಮನೆಯವರು "ನಾಯಿಗೆ ಇಷ್ಟೆಲ್ಲಾ ಖರ್ಚಾ?" ಅಂದರು. ಯಜಮಾನರ ಊರು ಮದ್ದೂರು ತಾಲ್ಲೂಕು, ನಾಯಿಗೆ ಕಲ್ಲು ನಿಲ್ಲಿಸಿದ ಆತಕೂರು ಇರುವುದೂ ಅಲ್ಲೇ. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿ ಜೊತೆ ಕಾದಾಡಿ, ಎರಡೂ ಸತ್ತವು. ಅದರ ಒಡೆಯ ಮಣಲೇರ ಅಲ್ಲಿ ಕಲ್ಲು ನಿಲ್ಲಿಸಿದ. ಅದು 10ನೇ ಶತಮಾನದ ಮಾತು. ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಅದರಲ್ಲಿ ಬರೆಸಿದ್ದಾರೆ. ಬೋಂಡನ ಬಟ್ಟಲಿಗೆ ಮೊಸರನ್ನ ಹಾಕದೆ ನಾನೂ ತಟ್ಟೆ ಮುಂದೆ ಕೂತವಳಲ್ಲ. ಈಗಲೂ ಅನ್ನ ಒಂದು ಹಿಡಿ ಜಾಸ್ತಿಯೇ ಬೀಳುತ್ತಿದೆ. ಪಕ್ಕದ ಮನೆಯವರಿಗೆ ಇದೆಲ್ಲ ಹೇಳಲಿಲ್ಲ, ಸುಮ್ನೆ ಒಳಗೆ ಬಂದೆ.

ಬೂದಿಯನ್ನು ಕೆಂಪು ಬಟ್ಟೆ ಕಟ್ಟಿದ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಎಷ್ಟು ಹಗುರ ಅಂದರೆ ನನಗೆ ಅನುಮಾನ ಬಂತು. ಮನೆಗೆ ಬಂದು ಅಡುಗೆಮನೆ ತಕ್ಕಡಿಯಲ್ಲಿ ಇಟ್ಟೆ. ಕುಡಿಕೆ ಬಿಟ್ಟು 580 ಗ್ರಾಂ. ಡಾಕ್ಟರನ್ನು ಕೇಳಿದರೆ, 16 ಕಿಲೋ ನಾಯಿಗೆ ಅಷ್ಟೇ ಬರುವುದು ಅಂದರು. ತೂಕ ಹಾಕಿದ್ದು ತಪ್ಪೇನೋ, ಗೊತ್ತಿಲ್ಲ.

ಕುಡಿಕೆಯ ಮುಚ್ಚಳ ಮಾತ್ರ ಸಡಿಲ. ದೂರ ಒಯ್ಯುವವರು ಟೇಪ್ ಇಟ್ಟುಕೊಳ್ಳಿ. ನಮ್ಮ ಹತ್ತಿರ ಇರಲಿಲ್ಲ. ಕಾರು ನಾನು ಓಡಿಸಿದೆ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿವರೆಗೂ ಯಜಮಾನರು ಕುಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಚ್ಚಳವನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಿದ್ದರು.