ಬೆರಳಿಗೆ ಸಿಕ್ಕಿಸುವ ಟ್ರೈಕಾರ್ಡರ್: ಮನೆಬಳಕೆಯ ಪಲ್ಸ್ ಆಕ್ಸಿಮೀಟರನ್ನು ಎಷ್ಟು ನಂಬಬಹುದು?

1966ರಲ್ಲಿ ಶುರುವಾದ ಅಮೆರಿಕದ ಬಾಹ್ಯಾಕಾಶ ಧಾರಾವಾಹಿ ‘ಸ್ಟಾರ್ ಟ್ರೆಕ್’ನಲ್ಲಿ ಡಾ. ಮೆಕಾಯ್ ಸೂಜಿ ಚುಚ್ಚದೆ, ರಕ್ತ ತೆಗೆಯದೆ ಟ್ರೈಕಾರ್ಡರ್ ಎಂಬ ಕೈಯಂತ್ರ ಹಿಡಿದು ರೋಗ ಹೇಳುತ್ತಿದ್ದರು. ನಮ್ಮ ಮನೆಗಳಲ್ಲಿ ಅದಕ್ಕೆ ತೀರಾ ಹತ್ತಿರ ಬರುವ ವಸ್ತು, ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಕಂಡ ಪಲ್ಸ್ ಆಕ್ಸಿಮೀಟರ್; ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಬೆರಳಿನ ಕ್ಲಿಪ್. ಎರಡು ಎಎಎ ಸೆಲ್ ಹಾಕುವ ಸಾಧಾರಣ ಮಾದರಿಗಳ ವಿಮರ್ಶೆ ಇದು.

ಒಳಗೆ 660 ನ್ಯಾನೋಮೀಟರ್ ತರಂಗಾಂತರದ ಕೆಂಪು ಎಲ್‌ಇಡಿ, 940ರ ಆಸುಪಾಸಿನ, ಕಣ್ಣಿಗೆ ಕಾಣದ ಅವಗೆಂಪು (ಇನ್ಫ್ರಾರೆಡ್) ಎಲ್‌ಇಡಿ, ಎದುರಿಗೊಂದು ಸಂವೇದಕ, ಅಷ್ಟೇ. ಆಕ್ಸಿಜನ್ ತುಂಬಿದ ರಕ್ತ ಅವಗೆಂಪನ್ನು ಹೆಚ್ಚು ಹೀರುತ್ತದೆ, ಆಕ್ಸಿಜನ್ ಕಳೆದುಕೊಂಡದ್ದು ಕೆಂಪನ್ನು. ಆದರೆ ಚರ್ಮ, ಮೂಳೆಗಳೂ ಬೆಳಕು ಹೀರುತ್ತವಲ್ಲ? ಜಪಾನಿನ ತಕುವೋ ಅಓಯಾಗಿ ಎಂಬ ಎಂಜಿನಿಯರ್ 1970ರ ದಶಕದಲ್ಲಿ, ಹೃದಯ ಎಷ್ಟು ರಕ್ತ ದೂಡುತ್ತದೆಂದು ಬೆಳಕಿನಿಂದ ಅಳೆಯಲು ಹೊರಟಾಗ ನಾಡಿಬಡಿತ ಅಡ್ಡ ಬರುತ್ತಿತ್ತು. ಬಡಿತದ ಜೊತೆ ಏರಿಳಿಯುವ ಬೆಳಕು ಅಪಧಮನಿ ರಕ್ತದ್ದು ಎಂದು ಹಿಡಿದು, ಆ ಅಡ್ಡಿಯನ್ನೇ ಅವರು ಅಳತೆಗೋಲು ಮಾಡಿಕೊಂಡರು. ಎಂಥ ಚೆಂದದ ಯೋಚನೆ!

ಐದು ನಿಮಿಷ ಸುಮ್ಮನೆ ಕೂತು, ಬೆರಳು ಬೆಚ್ಚಗೆ ಮಾಡಿಕೊಂಡು, ಕೈಯನ್ನು ಎದೆಯ ಮಟ್ಟಕ್ಕೆ ಇಟ್ಟು ಸಿಕ್ಕಿಸಿ. ನೇಲ್ ಪಾಲಿಶ್ ಬೇಡ. ಗಾಢ ಮೆಹಂದಿ ಇರುವ ಬೆರಳೂ ಬೇಡ. ಮೊದಲು ಮೂಡುವ ಅಂಕಿಯನ್ನು ನಂಬಬೇಡಿ, ಪರದೆಯ ಅಲೆ ಒಂದೇ ಸಮ ಆಗುವವರೆಗೆ ಕಾಯಿರಿ. ಮಣಿಕಟ್ಟಿನಲ್ಲಿ ಎಣಿಸಿದ ನಾಡಿಗೂ ಯಂತ್ರದ ನಾಡಿಗೂ ತಾಳೆಯಾಗದಿದ್ದರೆ ಆಕ್ಸಿಜನ್ ಅಂಕಿಯೂ ಸುಳ್ಳೇ.

±2 ಎಂದು ಪೆಟ್ಟಿಗೆಯ ಮೇಲಿದ್ದರೆ, ಮೂರರಲ್ಲಿ ಎರಡು ಅಳತೆ ಮಾತ್ರ ಆ ಮಿತಿಯೊಳಗೆ ಎಂದರ್ಥ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯಿದೆ. ನಮ್ಮಲ್ಲಿ ಇದನ್ನು ಮರೆಯುವ ಹಾಗೇ ಇಲ್ಲ. ಆರೋಗ್ಯವಂತ ಸ್ವಯಂಸೇವಕರ ಆಕ್ಸಿಜನ್ ಇಳಿಸಿ ಯಂತ್ರವನ್ನು ಹೊಂದಿಸುತ್ತಾರೆ, 70ಕ್ಕಿಂತ ಕೆಳಗೆ ಯಾರನ್ನೂ ಇಳಿಸಲಾಗದು; ಅದರ ಕೆಳಗಿನದೆಲ್ಲ ಅಂದಾಜು. ಎಲ್ಲಕ್ಕಿಂತ ಅಪಾಯದ್ದು ಇದ್ದಿಲ ಹೊಗೆ. ಅದರಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಹಿಡಿದ ರಕ್ತವೂ ಇದಕ್ಕೆ ಆಕ್ಸಿಜನ್ ರಕ್ತದಂತೆಯೇ ಕಾಣುವುದರಿಂದ, ಉಸಿರುಗಟ್ಟುತ್ತಿರುವವರಿಗೂ 98 ತೋರಿಸೀತು.

ಮನೆಯಲ್ಲೇ ರೋಗ ಪತ್ತೆಹಚ್ಚುವ ಯಂತ್ರಕ್ಕಾಗಿ ಟ್ರೈಕಾರ್ಡರ್ ಹೆಸರಿನಲ್ಲೇ 1 ಕೋಟಿ ಡಾಲರ್‌ಗಳ ಎಕ್ಸ್‌ಪ್ರೈಜ್ ಸ್ಪರ್ಧೆಯೂ ನಡೆಯಿತು. 2017ರಲ್ಲಿ ಗೆದ್ದ ತಂಡಕ್ಕೆ ಸಿಕ್ಕಿದ್ದು 26 ಲಕ್ಷ ಡಾಲರ್, ಪೂರ್ತಿ ಗುರಿ ಯಾರಿಗೂ ದಕ್ಕಲಿಲ್ಲ. ನಾಡಿಯನ್ನು ಬಿಟ್ಟರೆ ಈ ಕ್ಲಿಪ್ ಒಂದೇ ಒಂದು ಅಂಶವನ್ನು, ರಕ್ತದ ಆಕ್ಸಿಜನ್ ಮಟ್ಟವನ್ನು, ಅಂದಾಜಿಸುತ್ತದೆ, ಆ ಒಂದಕ್ಕೇ ನನ್ನ ಮತ.

ಕೊಳ್ಳುವಾಗ ಅಲೆ ತೋರಿಸುವ ಪರದೆ ಇರುವುದನ್ನೇ ಆರಿಸಿ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿದರೆ ಸ್ಪ್ರಿಂಗ್ ಹಾಳಾಗುತ್ತದೆ.