ವಿಮರ್ಶೆಗೆಂದು ಓದುವಾಗ: ಒಂದೇ ಪಟ್ಟಿಗೋ, ಚೀಟಿ ಹಚ್ಚುತ್ತಲೋ, ಗಟ್ಟಿಯಾಗಿಯೋ?

ಮಕ್ಕಳ ಪುಸ್ತಕವನ್ನು ವಿಮರ್ಶೆಗೆಂದು ಕೈಗೆತ್ತಿಕೊಂಡಾಗ, ಓದುವ ಬಗೆಯೇ ಅರ್ಧ ತೀರ್ಪು ಬರೆದುಬಿಡುತ್ತದೆ. ಪೆನ್ನು ಮುಟ್ಟದೆ ಒಂದೇ ಪಟ್ಟಿಗೆ ಕೂತು ಓದುವುದು, ಅಂಟು ಚೀಟಿ ಹಚ್ಚುತ್ತ ಓದುವುದು, ಗಟ್ಟಿಯಾಗಿ ಓದುವುದು: ಈ ಮೂರನ್ನೂ ಚಿತ್ರಪುಸ್ತಕದ ಮೇಲೆ, 8ರಿಂದ 12 ವರ್ಷದವರ ಕಾದಂಬರಿಯ ಮೇಲೆ, ಹದಿಹರೆಯದವರ ಕಾದಂಬರಿಯ ಮೇಲೆ ಹಾಕಿ ನೋಡಿದರೆ ಒಂದೊಂದಕ್ಕೂ ಒಂದೊಂದು ಕುರುಡು ಇರುವುದು ಕಾಣುತ್ತದೆ.

ಒಂದೇ ಪಟ್ಟಿನ ಓದು ಹದಿಹರೆಯದವರ ಕಾದಂಬರಿಗೆ ಹೇಳಿಮಾಡಿಸಿದ್ದು. ಅವುಗಳಲ್ಲಿ ಹೆಚ್ಚಿನವು ‘ನಾನು’ ಎಂದು ಶುರುವಾಗಿ ಒಂದೇ ದನಿಯ ಸೆಳೆತದ ಮೇಲೆ ನಿಂತಿರುತ್ತವೆ. ಹತ್ತು ಪುಟಕ್ಕೊಮ್ಮೆ ನಿಲ್ಲಿಸಿ ಬರೆದುಕೊಂಡರೆ ಆ ದನಿ ಕೈಗೆ ಸಿಗುವುದಿಲ್ಲ. ತೊಡಕೆಂದರೆ ಕೊನೆಯ ಮೂವತ್ತು ಪುಟ ಉಳಿದದ್ದನ್ನೆಲ್ಲ ನುಂಗಿಹಾಕುತ್ತದೆ. ಮುಗಿತಾಯ ಕಣ್ಣು ತೇವ ಮಾಡಿತೆಂದರೆ ನಡುವಿನ ಎಂಬತ್ತು ಪುಟ ತೆವಳಿದ್ದು ಮರೆತೇಹೋಗುತ್ತದೆ. ಇದಕ್ಕೊಂದು ಸುಲಭ ಉಪಾಯವುಂಟು. ಪುಟಗುರುತಿಗೆ ಇಟ್ಟ ಕಾಗದದ ಮೇಲೆ ಅಧ್ಯಾಯ ಮುಗಿದಾಗ ಒಂದೇ ಗುರುತು ಹಾಕಿ: ಓಡಿಸಿತು ಅಂದರೆ ಕೂಡು, ಎಳೆಯಿತು ಅಂದರೆ ಕಳೆ, ಗೊಂದಲವಾಯಿತು ಅಂದರೆ ಪ್ರಶ್ನೆ. ಸಾಲಾಗಿ ಮೂರು ಕಳೆ ಬಂದ ಜಾಗವೇ ಕಥೆ ಕುಸಿದ ಜಾಗ. ಮುಗಿಸಿದ ದಿನವೇ ಅರ್ಧ ಪುಟ ಬರೆದಿಡದಿದ್ದರೆ, ವಾರದ ನಂತರ ಉಳಿಯುವುದು ಕಥಾಸಾರ ಮಾತ್ರ.

ಚೀಟಿ ಹಚ್ಚುವ ಓದು 8–12ರ ಕಾದಂಬರಿಗೆ ಹೊಂದುತ್ತದೆ. ಮೂರು ಬಣ್ಣ ಸಾಕು: ಭಾಷೆಗೊಂದು, ಕಥೆಯ ಎಳೆಗೊಂದು, ಸಾವು, ಹಿಂಸೆ, ಅವಮಾನದಂಥ ದೊಡ್ಡವರಿಗೆ ಮೊದಲೇ ತಿಳಿಸಬೇಕಾದದ್ದಕ್ಕೊಂದು. 200 ಪುಟಕ್ಕೆ ಹದಿನೈದಿಪ್ಪತ್ತು ಚೀಟಿ ಹದ. ನಲವತ್ತು ದಾಟಿದರೆ ಏನನ್ನೂ ಗುರುತಿಸದ ಹಾಗೆಯೇ. ಚೀಟಿಯ ಮೇಲೆ ಎರಡು ಪದವಾದರೂ ಇರಲಿ, ಖಾಲಿ ಚೀಟಿ ಮೂರನೇ ದಿನಕ್ಕೆ ಮೂಕ. ಪುಟ 20ರಲ್ಲಿ ಭಾನುವಾರ ಇದ್ದದ್ದು ಮಾರನೆಯ ದಿನ ಗುರುವಾರ ಆಗುವುದು, ಅಜ್ಜಿಯ ಕನ್ನಡಕ ಮಾಯವಾಗಿ ಮರಳದಿರುವುದು, ಇಂಥವು ಚೀಟಿಗೆ ಮಾತ್ರ ಸಿಕ್ಕಿಬೀಳುತ್ತವೆ. ಅದಕ್ಕಿಂತ ದೊಡ್ಡ ಲಾಭ ಇನ್ನೊಂದು: ಬಿಕ್ಕಟ್ಟು ಬಗೆಹರಿಯುವ ಪುಟಕ್ಕೆ ತಪ್ಪದೆ ಒಂದು ಚೀಟಿ ಹಚ್ಚಿ, ಬಿಡಿಸಿದ್ದು ಯಾರೆಂದು ಬರೆಯಿರಿ. ಇಡೀ ಪುಸ್ತಕ ಮಗುವಿನದಾಗಿದ್ದು ಕೊನೆಗೆ ಮಾವನೋ ಮೇಷ್ಟರೋ ಬಂದು ಗಂಟು ಬಿಚ್ಚಿದ್ದರೆ ಅದು ಈ ವಯಸ್ಸಿನ ಕಥೆಗಳ ಹಳೇ ರೋಗ. ಸುಮ್ಮನೆ ಓದಿಕೊಂಡು ಹೋದರೆ ಖುಷಿಯಲ್ಲಿ ಇದು ಗಮನಕ್ಕೇ ಬರುವುದಿಲ್ಲ.

ಆದರೆ ಚೀಟಿ ಹಿಡಿದವರು ಪತ್ತೇದಾರರಾಗುತ್ತಾರೆ, ನಗು ಬರುವುದಿಲ್ಲ. ಹಾಸ್ಯದ ಪುಸ್ತಕಕ್ಕೆ ಈ ವಿಧಾನ ಬೇಡವೇ ಬೇಡ. ಎರವಲು ತಂದ ಪುಸ್ತಕವಾದರೆ ವಿಮರ್ಶೆ ಮುಗಿದ ಕೂಡಲೇ ಚೀಟಿ ಕೀಳಿ, ಹೆಚ್ಚು ದಿನ ಬಿಟ್ಟರೆ ಅಂಟು ಉಳಿಯುತ್ತದೆ. ಬಿಡುಗಡೆಗೆ ಮುಂಚಿನ ಪ್ರತಿ ಓದಿದ್ದರೆ ಉದ್ಧರಿಸುವ ಸಾಲನ್ನು ಅಚ್ಚಾದ ಪ್ರತಿಯೊಡನೆ ಹೋಲಿಸಿಯೇ ಹಾಕಬೇಕು. ಸಾಲೂ ಬದಲಾಗಿರಬಹುದು, ಪುಟಸಂಖ್ಯೆಯೂ.

ಚಿತ್ರಪುಸ್ತಕಕ್ಕೆ ಗಟ್ಟಿ ಓದಿನ ಹೊರತು ಬೇರೆ ದಾರಿಯಿಲ್ಲ ಅನ್ನುವುದು ನಮ್ಮ ಪಕ್ಷ. ದೊಡ್ಡ ಹಾಳೆಯನ್ನು ಮಡಿಸಿ ಎಂಟು, ಹದಿನಾರು ಪುಟ ಮಾಡುವುದರಿಂದ ಇವು ಸಾಮಾನ್ಯವಾಗಿ 32 ಪುಟ ಇರುತ್ತವೆ. ಶೀರ್ಷಿಕೆ ಮುಂತಾದವು ಕಳೆದು ಕಥೆಗೆ ಉಳಿಯುವುದು ಹನ್ನೆರಡರಿಂದ ಹದಿನಾಲ್ಕು ಜೋಡಿಪುಟ. ಮೊದಲು ಅಕ್ಷರಗಳ ಮೇಲೆ ಕಾಗದ ಮುಚ್ಚಿ ಚಿತ್ರ ಮಾತ್ರ ನೋಡಿ. ಆಮೇಲೆ ಚಿತ್ರ ನೋಡದೆ ಮಾತು ಗಟ್ಟಿಯಾಗಿ ಓದಿ. ಮೂರನೇ ಸಲ ಎರಡೂ ಕೂಡಿ. ಹುಡುಗಿ ಕೆಂಪು ಅಂಗಿ ತೊಟ್ಟು ಮರ ಹತ್ತಿದ್ದು ಚಿತ್ರದಲ್ಲಿದ್ದು, ಮಾತೂ ಅದನ್ನೇ ಒಪ್ಪಿಸಿದರೆ ಎರಡರಲ್ಲೊಂದು ಸುಮ್ಮನೆ ಕೂತಿದೆ ಎಂದರ್ಥ. ಪುಟ ತಿರುವುವಾಗ ಕುತೂಹಲ ಉಳಿಯುತ್ತದೆಯೇ, ಅಥವಾ ಗುಟ್ಟು ಎಡಪುಟದಲ್ಲೇ ಒಡೆದುಹೋಗಿದೆಯೇ ಎನ್ನುವುದೂ ಈಗಲೇ ತಿಳಿಯುವುದು.

ಗಟ್ಟಿ ಓದಿನ ಇನ್ನೊಂದು ಉಪಕಾರ ಅನುವಾದಗಳಲ್ಲಿ. ಅಚ್ಚಿನಲ್ಲಿ ‘ಎಂದು ಅವನು ಹೇಳಿದನು’ ಇದ್ದದ್ದು ಬಾಯಲ್ಲಿ ತಾನಾಗಿ ‘ಅಂದ’ ಆಗುತ್ತದೆ. ನಾಲಗೆ ತಿದ್ದಿಕೊಂಡ ಕಡೆಯೆಲ್ಲ ಪೆನ್ಸಿಲ್ ಚುಕ್ಕಿ ಇಡಿ. ಚುಕ್ಕಿ ಹೆಚ್ಚಿದಷ್ಟೂ ಭಾಷೆ ಬಿಗಿದುಕೊಂಡಿದೆ. ಮೋಸವೂ ಇಲ್ಲೇ ಇದೆ: ಚೆನ್ನಾಗಿ ಓದಬಲ್ಲವರು ಕೆಟ್ಟ ಕಥೆಯನ್ನೂ ಗೆಲ್ಲಿಸಿಬಿಡುತ್ತಾರೆ. ಪುಸ್ತಕ ನೋಡಿರದ ಇನ್ನೊಬ್ಬರ ಕೈಗೆ ಕೊಟ್ಟು ಓದಿಸಿ, ಎಡವುವ ಜಾಗ ನೋಡಿ. ಕೇಳಲು ಮಕ್ಕಳಿದ್ದರೆ ‘ಇಷ್ಟವಾಯಿತಾ?’ ಎಂದು ಕೇಳಬೇಡಿ, ಹೂಂ ಎನ್ನುತ್ತಾರೆ. ಪುಟ ತಿರುವುವ ಮುನ್ನ ‘ಈಗೇನಾಗುತ್ತೆ?’ ಅನ್ನಿ. ಒಂದು ಮಗು ಆಕಳಿಸಿತೆಂದು ಪುಸ್ತಕ ಸೋತಿತೆನ್ನಲಾಗದು, ನಿದ್ದೆಯ ಹೊತ್ತಿರಬಹುದು. ಕಾದಂಬರಿಯನ್ನು ಪೂರ್ತಿ ಗಟ್ಟಿಯಾಗಿ ಓದಲು ಹೋದರೆ ಗಂಟಲೂ ಹೊತ್ತೂ ಎರಡೂ ಹೋಗುತ್ತವೆ. ಮೊದಲ ಅಧ್ಯಾಯ, ಸಂಭಾಷಣೆ ತುಂಬಿದ ಒಂದು ಪುಟ, ಕೊನೆಯ ಎರಡು ಪುಟ ಓದಿದರೆ ಸಾಕು.

ವಯಸ್ಸು ಸೂಚಿಸುವಾಗ ಮೂರೂ ಕೊಂಚ ದಾರಿ ತಪ್ಪಿಸುತ್ತವೆ, ಚೀಟಿಯಂತೂ ಹೆಚ್ಚು: ಕಠಿಣ ಪದಗಳಷ್ಟೇ ಕಣ್ಣಿಗೆ ಬೀಳುತ್ತವೆ. ವಾಕ್ಯದ ಉದ್ದ, ಪದದ ಉದ್ದ ಅಳೆದು ಮಟ್ಟ ಹೇಳುವ ಫ್ಲೆಶ್–ಕಿನ್‌ಕೇಡ್ ಸೂತ್ರವನ್ನು 1975ರಲ್ಲಿ ಅಮೆರಿಕದ ನೌಕಾಪಡೆಗಾಗಿ ಇಂಗ್ಲಿಷಿನ ಮೇಲೆ ಕಟ್ಟಲಾಯಿತು. ‘ಮನೆಯವರೊಂದಿಗೆ’ ಒಂದೇ ಪದವಾಗಿರುವ ಕನ್ನಡದಲ್ಲಿ ಅದು ಎಳೆಮಕ್ಕಳ ಕಥೆಯನ್ನೂ ಕಬ್ಬಿಣದ ಕಡಲೆ ಎಂದೀತು. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆಯನ್ನು ಬಯಸುವುದು ಸಾಮಾನ್ಯ, ಆದ್ದರಿಂದ ಹನ್ನೆರಡರ ನಾಯಕಿಯ ಪುಸ್ತಕಕ್ಕೆ ‘ಹತ್ತರಿಂದ’ ಎಂದು ಬರೆದು, ಮೂರನೇ ಬಣ್ಣದ ಚೀಟಿಗಳಲ್ಲಿ ಏನಿದೆ ಎಂಬುದನ್ನು ಪಕ್ಕದಲ್ಲೇ ಒಂದು ಸಾಲಿನಲ್ಲಿ ಹೇಳಿ.