ಮಿಂಚುಹುಳದ ಬೆಳಕು ಅಳೆಯಲು ಯಾವ ಆಪ್‌ಆ್ಯಂಪ್? ನಾನು ಹಾಕಿ ನೋಡಿದ್ದು ಇಷ್ಟು

ಪತ್ತನಾಜೆಗೆ (ತುಳುನಾಡಿನಲ್ಲಿ ಮೇ ಕೊನೆಯ ಹೊತ್ತಿಗೆ ಬರುವ ದಿನ) ಸ್ವಲ್ಪ ಮೊದಲು, ನಾಲ್ಕು ಹನಿ ಮಳೆ ಬಿದ್ದ ಮೇಲೆ, ನಮ್ಮ ಅಡಿಕೆ ತೋಟದಲ್ಲಿ ಮಿಂಚುಹುಳ ಶುರುವಾಗುತ್ತದೆ. ಮನೆ ಬದಿಯಡ್ಕದ ಹತ್ತಿರ. ಒಂದು ರಾತ್ರಿ ಅಣ್ಣನ ಮಗಳು ಒಂದು ಹುಳವನ್ನು ಬಾಟಲಿಯಲ್ಲಿ ಹಾಕಿ ತಂದು, "ಅಪ್ಪಚ್ಚಿ, ಇದರ ಬೆಣಚ್ಚು ಅಳವಲೆ ಎಡಿಗಾ?" (ಇದರ ಬೆಳಕು ಅಳೆಯಲು ಆಗುತ್ತದಾ?) ಅಂತ ಕೇಳಿದಳು. ಅಲ್ಲಿಂದ ಶುರುವಾದ ಕೆಲಸ ಇದು.

ಸೆನ್ಸರ್ ಬಿಪಿಡಬ್ಲ್ಯು34 ಫೋಟೋಡಯೋಡ್, ಅಂದರೆ ಬೆಳಕು ಬಿದ್ದರೆ ಸಣ್ಣ ಕರೆಂಟ್ ಕೊಡುವ ಬಿಡಿಭಾಗ. ಬಾಟಲಿಗೆ ತಾಗಿಸಿಯೇ ಇಟ್ಟರೂ ಹುಳ ಒಮ್ಮೆ ಮಿಂಚಿದರೆ ಡಯೋಡಿನಿಂದ ಬರುವುದು ಕೆಲವು ನೂರು ಪಿಕೋ ಆಂಪಿಯರ್ (1 ಪಿಕೋ ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು, ಸಾವಿರ ಪಿಕೋ ಸೇರಿದರೆ 1 ನ್ಯಾನೋ). ಇದನ್ನು ವೋಲ್ಟೇಜ್ ಮಾಡಲು ಆಪ್‌ಆ್ಯಂಪ್ (ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಐಸಿ) ಬೇಕು, ಆ ಆಪ್‌ಆ್ಯಂಪಿನ ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ ಒಂದು ದೊಡ್ಡ ರೆಸಿಸ್ಟರ್ ಹಾಕಬೇಕು. ನಾನು ಹಾಕಿದ್ದು 1 ಗಿಗಾ ಓಮ್ (ನೂರು ಕೋಟಿ ಓಮ್). ಲೆಕ್ಕ ಸುಲಭ: 1 ನ್ಯಾನೋ ಆಂಪಿಯರ್ ಬಂದರೆ 1 ವೋಲ್ಟ್.

ಮೊದಲು ಆಪ್‌ಆ್ಯಂಪೇ ಇಲ್ಲದೆ ನೋಡಿದೆ. ಮಾಮೂಲು ಡಿಜಿಟಲ್ ಮಲ್ಟಿಮೀಟರ್‌ನ ಒಳಗಿನ ರೆಸಿಸ್ಟೆನ್ಸ್ ಸಾಧಾರಣ 10 ಮೆಗಾ ಓಮ್ ಇರುತ್ತದೆ. 200 ಮಿಲಿವೋಲ್ಟ್ ರೇಂಜಿನಲ್ಲಿ ಡಯೋಡನ್ನು ನೇರ ಸಿಕ್ಕಿಸಿದರೆ 0.1 ಮಿಲಿವೋಲ್ಟ್ ಅಂದರೆ 10 ಪಿಕೋ ಆಂಪಿಯರ್. ಖರ್ಚಿಲ್ಲದೆ ಇಷ್ಟು ಸಿಗುತ್ತದೆ ಅಂತ ತುಂಬಾ ಜನರಿಗೆ ಗೊತ್ತಿಲ್ಲ. ತೋಟದೊಳಗೆ ಬೆಳದಿಂಗಳು ಎಷ್ಟು ಇಳಿಯುತ್ತದೆ ಅಂತ ನೋಡಲು ಇದೇ ಸಾಕು. ಆದರೆ ಮೀಟರ್ ಸೆಕೆಂಡಿಗೆ ಎರಡೋ ಮೂರೋ ರೀಡಿಂಗ್ ಕೊಡುತ್ತದೆ, ಅಷ್ಟರಲ್ಲಿ ಹುಳ ಮಿಂಚಿ ಆಗಿರುತ್ತದೆ.

ಮನೆಯಲ್ಲಿದ್ದದ್ದು ಎಲ್‌ಎಂ358. ಹಾಕಿದೆ. ಔಟ್‌ಪುಟ್ ಸೊನ್ನೆಯಲ್ಲೇ ಅಂಟಿಕೊಂಡಿತು. ಟಾರ್ಚ್ ಹಾಕಿದರೆ ಮಾತ್ರ ಏಳುತ್ತದೆ, ಹುಳಕ್ಕೆ ಅಲುಗುವುದಿಲ್ಲ. ಕಾರಣ ಅದರ ಬಯಾಸ್ ಕರೆಂಟ್: ಇನ್‌ಪುಟ್ ಕಾಲಿನಿಂದ ಅದೇ 20 ನ್ಯಾನೋ ಆಂಪಿಯರಿನಷ್ಟು ಹೊರಗೆ ಬಿಡುತ್ತದೆ, ನಮ್ಮ ಹುಳ ಕೊಡುವುದರ ಎಷ್ಟೋ ಪಟ್ಟು ಜಾಸ್ತಿ. ಇದು ಬೇರೆ ಕೆಲಸಕ್ಕೆ ಒಳ್ಳೆಯ ಐಸಿ, ಈ ಕೆಲಸಕ್ಕೆ ಬೇಡವೇ ಬೇಡ.

ಆಮೇಲೆ ಟಿಎಲ್072, ಎರಡು 9 ವೋಲ್ಟ್ ಬ್ಯಾಟರಿಯ ಮೇಲೆ. ಬಯಾಸ್ 65 ಪಿಕೋ ಆಂಪಿಯರ್ ಆಸುಪಾಸು, ಹಾಗಾಗಿ ಹುಳ ಮಿಂಚಿದ್ದು ಮೊದಲ ಸಲ ಕಂಡದ್ದು ಇದರಲ್ಲೇ. ಆ ರಾತ್ರಿ ನಮಗಾದ ಖುಷಿ ಹೇಳಿ ಮುಗಿಯದು. ತೊಂದರೆ ಏನೆಂದರೆ ಇದರ ಬಯಾಸ್ ಪ್ರತಿ 10 ಡಿಗ್ರಿಗೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಐಸಿಯ ಬೆನ್ನ ಮೇಲೆ ಬೆರಳಿಟ್ಟು ಹತ್ತು ಎಣಿಸಿ, ರೀಡಿಂಗ್ ಮೆಲ್ಲಗೆ ಸರಿಯುವುದು ಕಾಣುತ್ತದೆ. ಮಿಂಚು ಎಣಿಸಲು ಸಾಕು, ಬೆಳಕು ಎಷ್ಟು ಅಂತ ಹೇಳಲು ನಂಬುವ ಹಾಗಿಲ್ಲ.

ಮೂರನೆಯದು ಎಡಿಎ4530-1, ಇಂಥ ಕೆಲಸಕ್ಕೆಂದೇ ಮಾಡಿದ್ದು. ಬಯಾಸ್ 20 ಫೆಮ್ಟೋ ಆಂಪಿಯರ್ (1 ಫೆಮ್ಟೋ ಅಂದರೆ ಪಿಕೋದ ಸಾವಿರದಲ್ಲೊಂದು ಪಾಲು) ದಾಟುವುದಿಲ್ಲ ಅಂತ 85 ಡಿಗ್ರಿವರೆಗೆ ಖಾತ್ರಿ ಕೊಡುತ್ತಾರೆ. ದುಬಾರಿ, ಮತ್ತು ಸರ್ಫೇಸ್ ಮೌಂಟ್‌ನಲ್ಲಿ (ಬೋರ್ಡಿನ ಮೇಲ್ಮೈಗೇ ಬೆಸೆಯುವ ಗಿಡ್ಡ ಕಾಲಿನ ರೂಪ) ಮಾತ್ರ ಸಿಗುತ್ತದೆ. ಅಡಾಪ್ಟರ್ ಬೋರ್ಡಿನ ಮೇಲೆ ಬೆಸುಗೆ ಹಾಕಿ, ಡಯೋಡಿಗೆ ಕಪ್ಪು ಟೇಪು ಸುತ್ತಿ ಇಟ್ಟರೆ 50 ಪಿಕೋ ಆಂಪಿಯರ್ ತೋರಿಸುತ್ತಿತ್ತು! ಅಷ್ಟರಲ್ಲಿ ಜೂನ್ ಬಂದಿತ್ತು. ಅಡುಗೆಮನೆಯ ಭರಣಿಯಲ್ಲಿ ಉಪ್ಪು ನೀರೊಡೆಯುವ ಹವೆ. ಐಸಿ ಹಾಳಾಗಿದೆ ಅಂತ ಎರಡು ದಿನ ಬೇಸರದಲ್ಲಿದ್ದೆ. ತಪ್ಪು ಐಸಿಯದ್ದಲ್ಲ, ಬೋರ್ಡಿನದ್ದು. 5 ವೋಲ್ಟಿನ ಕಾಲಿನಿಂದ ಇನ್‌ಪುಟ್ ಕಾಲಿಗೆ ಬೆಸುಗೆಯಿಂದ ಉಳಿದ ಫ್ಲಕ್ಸ್ ಮತ್ತು ತೇವದ ಮೂಲಕ 100 ಗಿಗಾ ಓಮ್ ದಾರಿ ಆದರೂ ಸಾಕು, 50 ಪಿಕೋ ಆಂಪಿಯರ್ ಸೋರುತ್ತದೆ. ಅಂದರೆ ಐಸಿಯ ಬಯಾಸಿನ 2500 ಪಟ್ಟು. ದುಡ್ಡು ಕೊಟ್ಟು ತಂದ ಗುಣವೆಲ್ಲ ಬೋರ್ಡಿನ ಮೇಲೆಯೇ ಹೋಯಿತು. ಇದಕ್ಕೆ ಇನ್‌ಪುಟ್ ಸುತ್ತ ಅದೇ ವೋಲ್ಟೇಜಿನ ಗಾರ್ಡ್ ಗೆರೆ ಹಾಕಿದ ಬೋರ್ಡೇ ಬೇಕು, ಎರಡೂ ಕಡೆ ಒಂದೇ ವೋಲ್ಟೇಜ್ ಇದ್ದರೆ ಸೋರುವುದಿಲ್ಲ. ಗಾರ್ಡ್‌ಗೆ ಆ ವೋಲ್ಟೇಜ್ ಕೊಡುವ ಬಫರ್ ಐಸಿಯ ಒಳಗೇ ಇದೆ, ನನ್ನ ಅಡಾಪ್ಟರ್‌ನಲ್ಲಿ ಅದನ್ನು ಬಳಸುವ ದಾರಿ ಇರಲಿಲ್ಲ.

ಕೊನೆಗೆ ಎಲ್‌ಎಂಸಿ6482. ಬಯಾಸ್ ಸಾಮಾನ್ಯವಾಗಿ 20 ಫೆಮ್ಟೋ ಆಂಪಿಯರ್. ಖಾತ್ರಿ ಕೊಡುವ ಮಿತಿ ಅಷ್ಟು ಬಿಗಿಯಲ್ಲ, ಆದರೆ ನಮ್ಮ ಕೆಲಸಕ್ಕೆ ಧಾರಾಳ ಆಯಿತು. 5 ವೋಲ್ಟಿನಲ್ಲಿ ಓಡುತ್ತದೆ, ಔಟ್‌ಪುಟ್ ಹೆಚ್ಚುಕಡಿಮೆ ಸೊನ್ನೆಯಿಂದ 5ರವರೆಗೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯ, ಇದು ಉದ್ದ ಕಾಲಿನ ಹಳೇ ಪ್ಯಾಕೇಜಿನಲ್ಲೂ ಸಿಗುತ್ತದೆ. 2ನೇ ಕಾಲನ್ನು (ಅದೇ ಮೈನಸ್ ಇನ್‌ಪುಟ್) ಇಕ್ಕಳದಿಂದ ಮೆಲ್ಲಗೆ ಮೇಲಕ್ಕೆ ಬಾಗಿಸಿ, ಬೋರ್ಡಿಗೆ ತಾಗಿಸದೆ, ಗಿಗಾ ಓಮ್ ರೆಸಿಸ್ಟರನ್ನೂ ಡಯೋಡಿನ ಕ್ಯಾಥೋಡನ್ನೂ ಗಾಳಿಯಲ್ಲೇ ಅದಕ್ಕೆ ಬೆಸೆದೆ. ಗಾಳಿಯಷ್ಟು ಒಳ್ಳೆಯ ಇನ್ಸುಲೇಟರ್ ನಮ್ಮ ಕೈಗೆಟಕುವಲ್ಲಿ ಬೇರೆ ಇಲ್ಲ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಮಾಡಿ, ಹೇರ್ ಡ್ರೈಯರ್‌ನಿಂದ ಒಣಗಿಸಿದೆ. ರೆಸಿಸ್ಟರಿನ ಮೈಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಗುರುತೂ ಸೋರುತ್ತದೆ. ಎಲ್ಲವನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಯೊಳಗೆ ಇಟ್ಟು, ಡಬ್ಬಿಯನ್ನು ಗ್ರೌಂಡಿಗೆ ಜೋಡಿಸಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕಿದೆ. ಕತ್ತಲಲ್ಲಿ ರೀಡಿಂಗ್ 2-3 ಪಿಕೋ ಆಂಪಿಯರಿಗೆ ಇಳಿಯಿತು, ಹೊರಗೆ ಜೋರು ಮಳೆ ಇದ್ದಾಗಲೂ.

ಡಬ್ಬಿ ಸುಮ್ನೆ ಅಲ್ಲ. ಮುಚ್ಚಳ ತೆಗೆದರೆ ಮನೆಯ ಕರೆಂಟಿನ 50 ಹರ್ಟ್ಜ್ ಗುಂಯ್ ಅಂತ ತುಂಬಿಕೊಳ್ಳುತ್ತದೆ. ಒಂದು ಸಂಜೆ ಮನೆಯಲ್ಲಿ ಕರೆಂಟು ಹೋಯಿತು, ತೆರೆದಿಟ್ಟಿದ್ದ ಸರ್ಕ್ಯೂಟಿನ ಗೆರೆ ತಟ್ಟನೆ ನೇರವಾಯಿತು. ಆಗ ಖಚಿತವಾಯಿತು.

ರೆಸಿಸ್ಟರಿಗೆ ಅಡ್ಡ 1 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿದರೆ ವೇಗ 159 ಹರ್ಟ್ಜ್‌ಗೆ ನಿಲ್ಲುತ್ತದೆ, ಹುಳದ ಮಿಂಚಿಗೆ ಸಾಕಷ್ಟಾಯಿತು. ಗಿಗಾ ಓಮ್ ಪೇಟೆಯಲ್ಲಿ ಸಿಗದಿದ್ದರೆ ಹತ್ತು 10 ಮೆಗಾ ಓಮ್ ಸಾಲಾಗಿ ಹಾಕಿ 100 ಮೆಗಾ ಮಾಡಿಕೊಳ್ಳಿ, ಔಟ್‌ಪುಟ್ ಹತ್ತರಲ್ಲೊಂದು ಆಗುತ್ತದೆ ಅಷ್ಟೆ. ಸರಿ ಇದೆಯೇ ಅಂತ ನೋಡಲು ಇನ್ನೊಂದು ಗಿಗಾ ಓಮ್ ಮೂಲಕ 1.5 ವೋಲ್ಟ್ ಸೆಲ್ ಕೊಡಿ, 1.5 ನ್ಯಾನೋ ಆಂಪಿಯರ್ ಬರಬೇಕು. ಸೆಲ್ಲಿನ ಮೈನಸ್ ಕಡೆ ಇನ್‌ಪುಟ್‌ಗೆ ಬರುವಂತೆ ಜೋಡಿಸಿ, ಇಲ್ಲದಿದ್ದರೆ ಔಟ್‌ಪುಟ್ ಸೊನ್ನೆಯಿಂದ ಏಳುವುದಿಲ್ಲ.

ಎಡಿಎ4530-1 ಈಗ ಡಬ್ಬಿಯಲ್ಲಿ ಕಾಯುತ್ತಿದೆ, ಗಾರ್ಡ್ ಇರುವ ಬೋರ್ಡ್ ಮಾಡಿಸಿದ ಮೇಲೆ ಮತ್ತೆ ನೋಡುತ್ತೇನೆ. ಅಣ್ಣನ ಮಗಳು ಎಲ್‌ಎಂಸಿ6482ರ ಡಬ್ಬಿಯನ್ನು ತೋಟಕ್ಕೆ ಒಯ್ದು ಅಳೆದಳು, ಹುಳಗಳನ್ನು ಅದೇ ರಾತ್ರಿ ಬಿಟ್ಟೂ ಬಂದಳು.